ಹ್ಯೂಗೋ ಟಿಪ್ಪಣಿ: ಬರೆದ ಪುಟ ಎಲ್ಲಿ ಹೋಯಿತು?

ಸ್ಟ್ಯಾಟಿಕ್ ಸೈಟ್ ಜನರೇಟರ್ (ವೆಬ್‌ಸೈಟಿನ ಪುಟಗಳನ್ನು ಮೊದಲೇ ತಯಾರು ಮಾಡಿಡುವ ತಂತ್ರಾಂಶ) ಕಲಿಯುವವರು ಹ್ಯೂಗೋದಿಂದ ಶುರು ಮಾಡಿದರೆ ಒಳ್ಳೆಯದು. 2013ರಲ್ಲಿ ಬಂದ ಇದನ್ನು ಗೋ ಭಾಷೆಯಲ್ಲಿ ಬರೆದಿದ್ದಾರೆ. ಡೇಟಾಬೇಸ್ ಬೇಡ, ಪಿಎಚ್‌ಪಿಯಂಥ ಸರ್ವರ್ ಭಾಷೆ ಬೇಡ. ನಾವು ಮಾರ್ಕ್‌ಡೌನ್‌ನಲ್ಲಿ (ಸರಳ ಗುರುತುಗಳ ಬರಹ ಶೈಲಿ) ಬರೆದದ್ದನ್ನು ಬ್ರೌಸರ್ ಓದುವ ಎಚ್‌ಟಿಎಂಎಲ್ ಮಾಡಿ ಕೊಡುವುದಷ್ಟೇ ಅದರ ಕೆಲಸ.

ಟರ್ಮಿನಲ್‌ನಲ್ಲಿ 'ಹ್ಯೂಗೋ ನ್ಯೂ ಸೈಟ್' (hugo new site) ಆದೇಶದ ಜೊತೆ ಸೈಟಿನ ಹೆಸರು ಕೊಟ್ಟರೆ ಒಂದಷ್ಟು ಫೋಲ್ಡರ್ ಹುಟ್ಟುತ್ತವೆ. ಬರಹ 'ಕಂಟೆಂಟ್' ಒಳಗೆ, ಚಿತ್ರ 'ಸ್ಟ್ಯಾಟಿಕ್' ಒಳಗೆ. ಥೀಮ್ ಹಾಕದೆ ಸರ್ವರ್ ಓಡಿಸಿದರೆ 'ಪೇಜ್ ನಾಟ್ ಫೌಂಡ್' ಬರುತ್ತದೆ, ಗಾಬರಿ ಬೇಡ. ಪುಟಕ್ಕೆ ರೂಪ ಕೊಡುವ ಟೆಂಪ್ಲೇಟ್ ಇಲ್ಲ, ಅಷ್ಟೇ.

'ಹ್ಯೂಗೋ ಸರ್ವರ್' (hugo server) ಅಂತ ಆದೇಶ ಕೊಟ್ಟರೆ ನಿಮ್ಮದೇ ಕಂಪ್ಯೂಟರಿನ ಬ್ರೌಸರ್‌ನಲ್ಲಿ localhost:1313 ವಿಳಾಸದಲ್ಲಿ ಸೈಟ್ ಕಾಣುತ್ತದೆ. ಫೈಲ್ ಸೇವ್ ಮಾಡಿದ ತಕ್ಷಣ ಪುಟ ತಾನೇ ಬದಲಾಗುತ್ತದೆ. ಇದು ನಿಜಕ್ಕೂ ಖುಷಿ ಕೊಡುವ ಅನುಕೂಲ.

ಈಗ ಜಾಸ್ತಿ ಜನ ತಡವರಿಸುವ ಜಾಗ. ಹೊಸ ಪುಟ ಬರೆದಿರಿ, ಆದರೆ ಕಾಣುತ್ತಿಲ್ಲ. ಫೈಲಿನ ತಲೆಯಲ್ಲಿರುವ ಫ್ರಂಟ್ ಮ್ಯಾಟರ್ ನೋಡಿ. ಶೀರ್ಷಿಕೆ, ದಿನಾಂಕದ ಜೊತೆ 'ಡ್ರಾಫ್ಟ್ = ಟ್ರೂ' ಅಂತ ಇರುತ್ತದೆ, ಅಂದರೆ ಇದಿನ್ನೂ ಕರಡು. ಕರಡನ್ನು ಹ್ಯೂಗೋ ತೋರಿಸುವುದಿಲ್ಲ. ಸರ್ವರ್ ಆದೇಶಕ್ಕೆ ಅಡ್ಡಗೆರೆ, ದೊಡ್ಡಕ್ಷರದ ಡಿ (-D) ಸೇರಿಸಿದರೆ ಕರಡೂ ಕಾಣುತ್ತದೆ. ದಿನಾಂಕ ನಾಳೆಯದ್ದಾದರೂ ಪುಟ ಮಾಯ, ಇದನ್ನೂ ನೋಡಿಕೊಳ್ಳಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ವಿಷಯ. ಫೈಲಿನ ಹೆಸರು ಕನ್ನಡದಲ್ಲಿದ್ದರೆ ವಿಳಾಸವೂ ಕನ್ನಡದಲ್ಲೇ ಬರುತ್ತದೆ. ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಯಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ 'ಕ' ಒಂದಕ್ಕೇ 3 ಬೈಟ್. ವಿಳಾಸ ಕಾಪಿ ಮಾಡಿ ಬೇರೆಡೆ ಅಂಟಿಸಿದಾಗ ಆ ಒಂದು ಅಕ್ಷರ ಪರ್ಸೆಂಟ್ ಗುರುತುಗಳ ಸಮೇತ 9 ಚಿಹ್ನೆಗಳಾಗಿಬಿಡಬಹುದು. ನಾಲ್ಕು ಪದದ ಶೀರ್ಷಿಕೆಗೆ ಎಷ್ಟುದ್ದ ಆಗುತ್ತದೆ ಯೋಚಿಸಿ! ಹಾಗಾಗಿ ಶೀರ್ಷಿಕೆ ಕನ್ನಡದಲ್ಲೇ ಇರಲಿ, ಫ್ರಂಟ್ ಮ್ಯಾಟರ್‌ನಲ್ಲಿ ವಿಳಾಸಕ್ಕೆ 'ಸ್ಲಗ್' ಅಂತ ಚಿಕ್ಕ ಇಂಗ್ಲಿಷ್ ಹೆಸರು ಕೊಡುವುದು ನನಗೆ ಸರಿ ಅನಿಸುತ್ತದೆ.

ಎಲ್ಲ ಸರಿಯಿದ್ದರೆ ಬರೀ 'ಹ್ಯೂಗೋ' (hugo) ಅಂತ ಟೈಪ್ ಮಾಡಿ, ಇದೇ ಬಿಲ್ಡ್. 'ಪಬ್ಲಿಕ್' ಫೋಲ್ಡರ್‌ನಲ್ಲಿ ಸೈಟ್ ತಯಾರಾಗುತ್ತದೆ, ಅಪ್‌ಲೋಡ್ ಮಾಡಬೇಕಾದದ್ದು ಇದನ್ನೇ. ಅದಕ್ಕೂ ಮುಂಚೆ ಕಾನ್ಫಿಗ್ (ಸೆಟ್ಟಿಂಗ್) ಫೈಲಿನಲ್ಲಿರುವ 'ಬೇಸ್ ಯುಆರ್‌ಎಲ್', ಅಂದರೆ ಮೂಲ ವಿಳಾಸ, ನಿಮ್ಮ ಸೈಟಿನದ್ದೇ ಅಲ್ವಾ ನೋಡಿ. ಹ್ಯೂಗೋ 'ಪಬ್ಲಿಕ್' ಫೋಲ್ಡರನ್ನು ತಾನಾಗಿ ಖಾಲಿ ಮಾಡುವುದಿಲ್ಲ. ಹಿಂದೆ ಕರಡು ಸಮೇತ ಬಿಲ್ಡ್ ಮಾಡಿದ್ದರೆ ಆ ಪುಟ ಅಲ್ಲೇ ಉಳಿದಿರುತ್ತದೆ, ಅಪ್‌ಲೋಡ್ ಆದರೆ ಎಲ್ಲರಿಗೂ ಸಿಗುತ್ತದೆ. ಪ್ರತಿ ಸಲ ಬಿಲ್ಡ್‌ಗೆ ಮೊದಲು 'ಪಬ್ಲಿಕ್' ಅಳಿಸಿಬಿಡಿ. ಮೂಲ ಬರಹ 'ಕಂಟೆಂಟ್'ನಲ್ಲಿ ಇದ್ದೇ ಇರುತ್ತದೆ.