ಯಕೃತ್ತಿನ ಕ್ಯಾನ್ಸರ್: ಸೂಜಿ, ಕ್ಯಾತಿಟರ್ ಮತ್ತು ರಕ್ತದ ಹರಿವು

ಯಕೃತ್ತಿನ ಕ್ಯಾನ್ಸರಿಗೆ ಹೊಟ್ಟೆ ಕೊಯ್ಯದೆ, ಸ್ಕ್ಯಾನ್ ಪರದೆಯ ಮೇಲೆ ಕಣ್ಣಿಟ್ಟು ನಡೆಸುವ ಚಿಕಿತ್ಸೆಗಳನ್ನು ಓದುವಾಗ, ವಿಧಾನಗಳ ಹೆಸರುಗಳನ್ನು ಉರುಹೊಡೆಯುವ ಮೊದಲು ಆ ಅಂಗದ ರಕ್ತ ಪೂರೈಕೆಯನ್ನು ಅರಿತುಕೊಳ್ಳುವುದು ಲೇಸು. ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಶೇ. 75ರಷ್ಟು ಕರುಳಿನ ಕಡೆಯಿಂದ ರಕ್ತ ತರುವ ಪೋರ್ಟಲ್ ಅಭಿಧಮನಿಯಿಂದಲೂ ಉಳಿದದ್ದು ಯಕೃತ್ ಅಪಧಮನಿಯಿಂದಲೂ ಬರುತ್ತದೆ. ಆದರೆ ಅಲ್ಲಿ ಬೆಳೆದ ಹೆಪಟೊಸೆಲ್ಯುಲಾರ್ ಕಾರ್ಸಿನೋಮದ (ಯಕೃತ್ತಿನ ಜೀವಕೋಶಗಳಲ್ಲೇ ಹುಟ್ಟುವ ಕ್ಯಾನ್ಸರಿನ) ಗಡ್ಡೆ ಬಹುಪಾಲು ಅಪಧಮನಿಯ ರಕ್ತವನ್ನೇ ನಂಬಿರುತ್ತದೆ.

ಟೇಸ್ ಎಂದು ಕರೆಯುವ ಕೀಮೋಎಂಬೊಲೈಸೇಶನ್, ಅಂದರೆ ಗಡ್ಡೆಯ ಅಪಧಮನಿಗೆ ಔಷಧ ಬಿಟ್ಟು ಅದನ್ನು ಮುಚ್ಚುವ ಚಿಕಿತ್ಸೆ, ನಿಂತಿರುವುದು ಈ ವ್ಯತ್ಯಾಸದ ಮೇಲೆಯೇ. ತೊಡೆಸಂದಿಯ ಅಥವಾ ಮಣಿಕಟ್ಟಿನ ಅಪಧಮನಿಗೆ ಸೂಜಿ ಚುಚ್ಚಿ, ಅದರೊಳಗಿಂದ ತಂತಿ ತೂರಿಸಿ, ಸೂಜಿಯನ್ನು ತೆಗೆದು ತಂತಿಯ ಮೇಲೆ ಕ್ಯಾತಿಟರನ್ನು (ತೆಳುವಾದ ಕೊಳವೆಯನ್ನು) ಜಾರಿಸುತ್ತಾರೆ. ಸ್ವೀಡನ್ನಿನ ವಿಕಿರಣ ವೈದ್ಯ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ ಕ್ರಮವಿದು. ಎಕ್ಸ್-ರೇ ಪರದೆಯನ್ನು ನೋಡುತ್ತ ಗಡ್ಡೆಯ ಕವಲಿನವರೆಗೆ ಸಾಗಿದ ಮೇಲೆ ಡಾಕ್ಸೊರುಬಿಸಿನ್‌ನಂತಹ ಕ್ಯಾನ್ಸರ್ ಔಷಧವನ್ನು ಲಿಪಿಯೊಡಾಲ್ ಜೊತೆ ಬೆರೆಸಿ ಬಿಡುತ್ತಾರೆ, ಬಳಿಕ ಸಣ್ಣ ಕಣಗಳಿಂದ ಆ ಕವಲನ್ನು ಮುಚ್ಚುತ್ತಾರೆ. ಲಿಪಿಯೊಡಾಲ್ ಎಂದರೆ ಅಯೋಡಿನ್ ಸೇರಿಸಿದ ಗಸಗಸೆ ಎಣ್ಣೆ, ನಮ್ಮ ಪಾಯಸದ ಅದೇ ಗಸಗಸೆ. ಅಯೋಡಿನ್ ಇರುವುದರಿಂದ ಔಷಧ ಎಲ್ಲಿ ನಿಂತಿತೆಂಬುದು ಪರದೆಯಲ್ಲಿ ಕಾಣುತ್ತದೆ. ಅಪಧಮನಿಯ ಕವಲು ಮುಚ್ಚಿದರೂ ಸುತ್ತಲಿನ ಯಕೃತ್ತು ಪೋರ್ಟಲ್ ರಕ್ತದಿಂದ ಬದುಕುತ್ತದೆ. ಮುಖ್ಯ ಪೋರ್ಟಲ್ ಅಭಿಧಮನಿಯೇ ಕಟ್ಟಿಕೊಂಡಿರುವ ರೋಗಿಯಲ್ಲಿ ಸಾಮಾನ್ಯವಾಗಿ ಟೇಸ್‌ಗೆ ಹಿಂಜರಿಯುವುದೇಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಗಡ್ಡೆಯನ್ನು ಸೂಜಿಯ ಶಾಖದಿಂದ ಸುಡುವ ಅಬ್ಲೇಶನ್‌ನಲ್ಲಿ ಇದೇ ರಕ್ತ ಅಡ್ಡಿಯಾಗುತ್ತದೆ. ರೇಡಿಯೊಫ್ರೀಕ್ವೆನ್ಸಿ ವಿಧಾನದಲ್ಲಿ ಅಲ್ಟ್ರಾಸೌಂಡ್ ಅಥವಾ ಸಿಟಿ ನೆರವಿನಿಂದ ಸೂಜಿಯನ್ನು ಚರ್ಮದ ಮೂಲಕ ಗಡ್ಡೆಗೆ ಇಳಿಸಿ ಪರ್ಯಾಯ ವಿದ್ಯುತ್ತನ್ನು ಹರಿಸಿದಾಗ ಊತಕ (ಅಂಗಾಂಶ) ಬಿಸಿಯಾಗುತ್ತದೆ. 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜೀವಕೋಶಗಳು ತಕ್ಷಣವೇ ಸಾಯುತ್ತವೆ. ಶಾಖ ಹೆಚ್ಚಿದಷ್ಟೂ ಒಳ್ಳೆಯದೆಂದುಕೊಂಡರೆ ತಪ್ಪು, ಏಕೆಂದರೆ 100 ಡಿಗ್ರಿ ಮೀರಿದಾಗ ಊತಕ ಕರಕಾಗಿ, ಆವಿ ಎದ್ದು, ವಿದ್ಯುತ್ತು ಮುಂದೆ ಹರಿಯುವುದಿಲ್ಲ. ಗಡ್ಡೆಯ ಪಕ್ಕದಲ್ಲಿ 3 ಮಿಲಿಮೀಟರಿಗಿಂತ ದಪ್ಪದ ರಕ್ತನಾಳವಿದ್ದರೆ, ಹರಿಯುವ ರಕ್ತ ಶಾಖವನ್ನು ಹೊತ್ತೊಯ್ದು ಆ ಅಂಚಿನ ಜೀವಕೋಶಗಳನ್ನು ಉಳಿಸಿಬಿಡಬಹುದು. ಮೈಕ್ರೋವೇವ್ ಅಬ್ಲೇಶನ್ ಈ ತಣಿಸುವಿಕೆಗೆ ಅಷ್ಟಾಗಿ ಬಗ್ಗುವುದಿಲ್ಲ. ಗಡ್ಡೆ 3 ಸೆಂಟಿಮೀಟರ್ ಒಳಗಿದ್ದರೆ ಅಬ್ಲೇಶನ್ ಫಲಿತಾಂಶ ಚೆನ್ನಾಗಿರುತ್ತದೆ. ಅದಕ್ಕಿಂತ ದೊಡ್ಡದಾದರೆ ಕೆಲವೊಮ್ಮೆ ಮೊದಲು ಟೇಸ್ ಮಾಡಿ ಹರಿವನ್ನು ತಗ್ಗಿಸಿ, ಆಮೇಲೆ ಸುಡುತ್ತಾರೆ.

ಫಲಿತಾಂಶ ಓದುವಲ್ಲಿಯೇ ಕಲಿಯುವವರು ಹೆಚ್ಚು ಎಡವುತ್ತಾರೆ. ಅಬ್ಲೇಶನ್ ಆದ ಸುಮಾರು ಒಂದು ತಿಂಗಳಿಗೆ ತೆಗೆದ ಸಿಟಿಯಲ್ಲಿ ಆ ಜಾಗ ಮೊದಲಿನ ಗಡ್ಡೆಗಿಂತ ದೊಡ್ಡದಾಗಿಯೇ ಕಾಣುತ್ತದೆ, ಏಕೆಂದರೆ ಸುತ್ತ 5ರಿಂದ 10 ಮಿಲಿಮೀಟರ್ ಆರೋಗ್ಯಕರ ಊತಕವನ್ನೂ ಸೇರಿಸಿ ಸುಟ್ಟಿರುತ್ತಾರೆ. ಆದ್ದರಿಂದ ಅಳತೆಗಿಂತ ಕಾಂಟ್ರಾಸ್ಟ್ (ರಕ್ತನಾಳಕ್ಕೆ ಚುಚ್ಚಿದ ದ್ರವ ಚಿತ್ರದಲ್ಲಿ ಬೆಳಗುವ ರೀತಿ) ಮುಖ್ಯ: ಅಪಧಮನಿಯ ಹಂತದಲ್ಲಿ, ಅಂದರೆ ಆ ದ್ರವ ಅಪಧಮನಿಗಳಲ್ಲಿರುವಾಗ ತೆಗೆದ ಚಿತ್ರದಲ್ಲಿ, ಅಂಚಿನ ಸುತ್ತ ತೆಳುವಾಗಿ, ಸಮನಾಗಿ ಬೆಳಗುವ ಉಂಗುರವು ಆರಂಭದಲ್ಲಿ ಉರಿಯೂತದ್ದಿರಬಹುದು; ಒಂದೇ ಕಡೆ ಗಂಟಿನಂತೆ ಬೆಳಗಿದರೆ ಅಲ್ಲಿ ಗಡ್ಡೆ ಉಳಿದಿದೆಯೆಂದು ಶಂಕಿಸಬೇಕು.