ಬೂದಿ ಸಿಮೆಂಟು ಬ್ಯಾಡ್ರೀ!

ಹೋದ ಬೇಸಿಗೆಯಲ್ಲಿ ರಾಯಚೂರಿನಲ್ಲಿ ನಮ್ಮ ಭಾವನ ಮನೆಗೆ ಸ್ಲ್ಯಾಬ್ ಹಾಕುವುದಿತ್ತು. ಹಿಂದಿನ ದಿನ ಸಿಮೆಂಟ್ ಬಂತು. ಮೇಸ್ತ್ರಿ ಚೀಲದ ಮೇಲಿನ ಅಕ್ಷರ ನೋಡಿ ಮುಖ ಗಂಟು ಹಾಕಿದ. "ಇದು ಪಿಪಿಸಿ ಐತ್ರೀ. ಇದ್ರಾಗ ಬೂದಿ ಕಲಸಿರ್ತಾರ. ಬೂದಿ ಸಿಮೆಂಟು ಬ್ಯಾಡ್ರೀ, ವಾಪಸ್ ಕಳಸ್ರೀ."

ಭಾವ ನನ್ನ ಕಡೆ ತಿರುಗಿದರು. ನಾನು ವಿಜ್ಞಾನ ಓದಿದವನು ಅನ್ನೋ ಒಂದೇ ಕಾರಣಕ್ಕೆ ಇಂಥ ಪಂಚಾಯ್ತಿಗಳೆಲ್ಲ ನನ್ನ ತಲೆಗೇ ಬರುತ್ತವೆ.

ಮೇಸ್ತ್ರಿ ಹೇಳಿದ್ದು ಸುಳ್ಳಲ್ಲ. ಪಿಪಿಸಿ ಅಂದರೆ ಪೋರ್ಟ್‌ಲ್ಯಾಂಡ್ ಪೊಜ್ಜೊಲಾನಾ ಸಿಮೆಂಟ್. ಅದರಲ್ಲಿ ಹಾರುಬೂದಿ ಇರುತ್ತದೆ, ನಿಯಮದ ಪ್ರಕಾರವೇ 15ರಿಂದ 35 ಪರ್ಸೆಂಟ್. ನಮ್ಮ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಸುಟ್ಟಾಗ ಹೊಗೆಯಿಂದ ಹಿಡಿಯುವಂಥದೇ ಬೂದಿ ಅದು. ಹಾಲಿಗೆ ನೀರು ಹಾಕಿದ ಹಾಗೆ ಸಿಮೆಂಟಿಗೆ ಬೂದಿ ಹಾಕುತ್ತಾರೆ ಅಂತ ಊರಿನ ಅರ್ಧ ಜನ ನಂಬಿದ್ದಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಹಾಲಿಗೆ ಬಿದ್ದ ನೀರು ಅಲ್ಲಿ ಯಾವ ಕೆಲಸವನ್ನೂ ಮಾಡುವುದಿಲ್ಲ. ಬೂದಿ ಹಾಗಲ್ಲ, ಕೆಲಸ ಮಾಡುತ್ತದೆ.

ನಮ್ಮ ಅಡುಗೆಮನೆಯನ್ನೇ ನೋಡಿ. ಗೋಧಿ ಹಿಟ್ಟನ್ನು ತಣ್ಣೀರಲ್ಲಿ ಕಲಸಿದರೂ ಎಳೆದಷ್ಟು ಬರುತ್ತದೆ, ಅದರಲ್ಲಿ ಗ್ಲುಟೆನ್ ಅನ್ನೋ ಅಂಟು ಇದೆ. ಜೋಳದ ಹಿಟ್ಟಿನಲ್ಲಿ ಅದಿಲ್ಲ. ಅದಕ್ಕೇ ನಮ್ಮ ಅವ್ವಂದಿರು ಕುದಿಯುವ ನೀರು ಹಾಕಿ ನಾದುತ್ತಾರೆ. ಬಿಸಿಗೆ ಹಿಟ್ಟಿನ ಪಿಷ್ಟ ಉಬ್ಬಿ ಜಿಗುಟಾಗುತ್ತದೆ, ರೊಟ್ಟಿ ಬಡಿದರೂ ಹರಿಯುವುದಿಲ್ಲ. ಅಂದರೆ ಗ್ಲುಟೆನ್ ಬದಲಿಗೆ ಬಿಸಿನೀರು! ನೋಡೋಕೆ ಎರಡಕ್ಕೂ ಒಂದು ಚೂರೂ ಹೋಲಿಕೆಯಿಲ್ಲ. ಕೆಲಸ ಮಾತ್ರ ಒಂದೇ. ಬದಲಿ ವಸ್ತುವನ್ನು ಮುಖ ನೋಡಿ ಅಳೆಯಬಾರದು, ಅದು ಯಾವ ಕೆಲಸಕ್ಕೆ ನಿಂತಿದೆ ಅಂತ ಕೇಳಬೇಕು.

ಸಿಮೆಂಟಿಗೆ ನೀರು ಬಿದ್ದಾಗ ಎರಡು ವಸ್ತು ಹುಟ್ಟುತ್ತವೆ. ಒಂದು, ಮರಳು ಜಲ್ಲಿಯನ್ನು ಹಿಡಿದಿಡುವ ಅಂಟು. ಇನ್ನೊಂದು ಸುಣ್ಣ, ನಾವು ಗೋಡೆಗೆ ಬಳಿಯುತ್ತೇವಲ್ಲ, ಅದೇ ಸುಣ್ಣ. ಗಟ್ಟಿಯಾದ ಸಿಮೆಂಟಿನಲ್ಲಿ ಹೆಚ್ಚುಕಮ್ಮಿ ಐದನೇ ಒಂದು ಪಾಲು ಈ ಸುಣ್ಣವೇ. ಅದರಿಂದ ಬಲಕ್ಕೆ ಹೇಳಿಕೊಳ್ಳುವಂಥ ಲಾಭವಿಲ್ಲ. ನೀರು ಜಿನುಗಿದರೆ ಕರಗಿ ಹೊರಗೆ ಬರುತ್ತದೆ. ಹಳೇ ಸ್ಲ್ಯಾಬಿನ ಅಡಿಯಲ್ಲಿ ಬಿಳಿ ಕಲೆ ನೋಡಿರುತ್ತೀರಲ್ಲ, ಅದು ಇದೇ.

ಈಗ ಬೂದಿ ಬರಲಿ. ಅದರಲ್ಲಿ ಇರುವುದು ಮುಖ್ಯವಾಗಿ ಸಿಲಿಕಾ, ಜೊತೆಗೆ ಅಲ್ಯೂಮಿನಾ. ಸಿಲಿಕಾ ಈ ಬೇಡದ ಸುಣ್ಣವನ್ನು ಹಿಡಿದು, ನೀರಿನ ಜೊತೆ ಸೇರಿಸಿ ಮತ್ತೆ ಅದೇ ಜಾತಿಯ ಅಂಟು ಮಾಡುತ್ತದೆ. ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಕೊಟ್ಟು ಚಿತ್ರಾನ್ನ ಮಾಡಿದ ಹಾಗೆ. ಬಿಟ್ಟಿದ್ದರೆ ಹಳಸುತ್ತಿತ್ತು, ಈಗ ಊಟವಾಯಿತು.

ಆದರೆ ನಿಲ್ಲಿ. ಮರಳೂ ಸಿಲಿಕಾವೇ ಅಲ್ವಾ? ತುಂಗಭದ್ರೆಯ ಮರಳು ಯಾಕೆ ಸುಣ್ಣ ತಿನ್ನುವುದಿಲ್ಲ? ನನಗೆ ಇಡೀ ಕತೆಯಲ್ಲಿ ತುಂಬಾ ಇಷ್ಟವಾಗುವ ಜಾಗ ಇದು.

ಒಂದೇ ಸಕ್ಕರೆಯಿಂದ ಕಲ್ಲುಸಕ್ಕರೆಯೂ ಆಗುತ್ತದೆ, ಚಿಕ್ಕಿಯ ಪಾಕವೂ ಆಗುತ್ತದೆ. ಕಲ್ಲುಸಕ್ಕರೆ ನಿಧಾನಕ್ಕೆ ಬೆಳೆದದ್ದು. ಅದರ ಅಣುಗಳು ಸಾಲಾಗಿ ಕೂತಿವೆ. ಪಾಕ ಬೇಗ ತಣ್ಣಗಾದದ್ದು, ಅಣುಗಳಿಗೆ ಸಾಲು ಹಿಡಿಯಲು ಪುರುಸೊತ್ತೇ ಇರಲಿಲ್ಲ. ಎರಡನ್ನೂ ಮಳೆಗಾಲದಲ್ಲಿ ತೆರೆದಿಡಿ. ಕಲ್ಲುಸಕ್ಕರೆ ಹಾಗೇ ಇರುತ್ತದೆ, ಚಿಕ್ಕಿ ತೇವ ಎಳೆದುಕೊಂಡು ಕೈಗಂಟುತ್ತದೆ. ಮರಳು ಕಲ್ಲುಸಕ್ಕರೆ ಇದ್ದ ಹಾಗೆ. ಹಾರುಬೂದಿ ಚಿಕ್ಕಿಯ ಹಾಗೆ. ಇನ್ನೊಂದು ಹೋಲಿಕೆ ಬೇಕಾ? ಶಾಲೆಯ ಪ್ರಾರ್ಥನೆಗೆ ಸಾಲಾಗಿ ಕೈ ಕೈ ಹಿಡಿದು ನಿಂತ ಮಕ್ಕಳಲ್ಲಿ ಒಬ್ಬನನ್ನು ಎಳೆಯುವುದು ಕಷ್ಟ. ಅದೇ ಮಕ್ಕಳು ಜಾತ್ರೆಯಲ್ಲಿ ಚೆಲ್ಲಾಪಿಲ್ಲಿಯಾಗಿದ್ದರೆ ಬೆಂಡುಬತ್ತಾಸಿನವನು ಕರೆದ ಕೂಡಲೇ ಓಡುತ್ತಾರೆ. ಸುಣ್ಣ ಇಲ್ಲಿ ಬೆಂಡುಬತ್ತಾಸು.

ಹೀಗೆ ಚೆಲ್ಲಾಪಿಲ್ಲಿಯಾದ ಸಿಲಿಕಾಕ್ಕೆ ಗಾಜು ಅನ್ನುತ್ತಾರೆ. ಕುಲುಮೆಯಲ್ಲಿ ಕಲ್ಲಿದ್ದಲಿನ ಪುಡಿ ಉರಿಯುವಾಗ ಅದರೊಳಗಿನ ಮಣ್ಣು ಕರಗಿ ಸಣ್ಣ ಹನಿಯಾಗುತ್ತದೆ. ಹೊಗೆಯ ಜೊತೆ ಹಾರುತ್ತಲೇ ತಣ್ಣಗಾಗಿ ಗಾಜಿನ ಗುಂಡಾಗುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಅದಿರಿನಿಂದ ಕಬ್ಬಿಣ ತೆಗೆಯುವ ಕುಲುಮೆಯಲ್ಲಿ ಉಳಿಯುವ ಕಸ, ಅಂದರೆ ಕಿಟ್ಟದ್ದೂ ಇದೇ ಕತೆ. ಕರಗಿದ ಕಿಟ್ಟದ ಮೇಲೆ ರಭಸದಿಂದ ನೀರು ಹಾಯಿಸಿ ತಣಿಸಿದರೆ ಸಿಮೆಂಟಿಗೆ ಬರುತ್ತದೆ. ತಾನಾಗೇ ಆರಲು ಬಿಟ್ಟರೆ ಬರೀ ಕಲ್ಲು.

ಇದೇನು ಈಗಿನವರ ಉಪಾಯವೂ ಅಲ್ಲ. ಇಟಲಿಯ ಪೊಜ್ಜುವೋಲಿ ಊರಿನ ಜ್ವಾಲಾಮುಖಿ ಬೂದಿಯನ್ನು ರೋಮನ್ನರು ಸುಣ್ಣಕ್ಕೆ ಕಲಸುತ್ತಿದ್ದರು. ಪಿಪಿಸಿಯ ನಡುವಿನ 'ಪಿ' ಆ ಊರಿನ ಹೆಸರಿನಿಂದಲೇ ಬಂದದ್ದು. ಅವರು ರೋಮ್ ನಗರದಲ್ಲಿ ಕಟ್ಟಿದ ಪ್ಯಾಂಥಿಯನ್ ಗುಡಿಯ ಗುಮ್ಮಟದ ಅಗಲ ಸುಮಾರು 43 ಮೀಟರ್. ಒಳಗೆ ಒಂದು ಕಬ್ಬಿಣದ ಸರಳಿಲ್ಲ, ಆದರೂ 1,900 ವರ್ಷದಿಂದ ನಿಂತಿದೆ. ನಮ್ಮ ಕಡೆ ಜ್ವಾಲಾಮುಖಿ ಇಲ್ಲ, ಇಟ್ಟಿಗೆ ಇದೆ. ಸುಟ್ಟ ಇಟ್ಟಿಗೆಯನ್ನು ನುಣ್ಣಗೆ ಕುಟ್ಟಿದರೆ ಸುರ್ಕಿ. ಅದೂ ಸುಣ್ಣದ ಜೊತೆ ಹೀಗೇ ಕೂಡಿಕೊಳ್ಳುತ್ತದೆ.

ಕೊಪ್ಪಳ ಜಿಲ್ಲೆಯ ಮುನಿರಾಬಾದಿನಿಂದ ಹೊಸಪೇಟೆ ಕಡೆಗೆ ಚಾಚಿರುವ ತುಂಗಭದ್ರಾ ಅಣೆಕಟ್ಟಿನ ಗಾರೆಯಲ್ಲಿ ಸುರ್ಕಿ ಇದೆ. 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ಕಟ್ಟೆ ಎದ್ದು ನಿಂತಿತು. "ಮಣ್ಣು, ಸುಣ್ಣದಾಗ ಕಟ್ಟಿದ ಡ್ಯಾಮ್" ಅಂತ ಕೆಲವರು ಅದನ್ನು ಪವಾಡದ ಹಾಗೆ ಹೇಳುತ್ತಾರೆ. ಹಸಿ ಮಣ್ಣಲ್ಲ ಸ್ವಾಮಿ, ಸುಟ್ಟ ಮಣ್ಣು. ವ್ಯತ್ಯಾಸವೆಲ್ಲ ಆ ಸುಡುವುದರಲ್ಲೇ ಇದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದಾಗ ತುಂಡಾದದ್ದೂ ಗೇಟಿನ ಚೈನು, ಗಾರೆಯಲ್ಲ.

ಹಾಗಂತ ಯಾವ ಬೂದಿಯಾದರೂ ನಡೆಯುತ್ತದೆ ಅಂತ ಹೊರಟರೆ ಕೆಟ್ಟಿರಿ. ಸಿಂಧನೂರಿನ ಕಡೆ ನಮ್ಮ ಪರಿಚಯದವರೊಬ್ಬರು ಇಂಥದೇ ಏನೋ ಕೇಳಿಸಿಕೊಂಡು, ಅಕ್ಕಿ ಗಿರಣಿಯಿಂದ ಹೊಟ್ಟಿನ ಬೂದಿ ತಂದು ಕಾಂಪೌಂಡ್ ಗೋಡೆಯ ಗಾರೆಗೆ ಕಲಸಿಬಿಟ್ಟರು. ಈಗ ಉಗುರಲ್ಲಿ ಗೀರಿದರೆ ಪುಡಿ ಉದುರುತ್ತದೆ. ಪಾಪ, ಯೋಚನೆ ತಪ್ಪಿರಲಿಲ್ಲ. ಭತ್ತದ ಹೊಟ್ಟು ಸುಟ್ಟರೆ ತೂಕದ ಐದನೇ ಒಂದು ಪಾಲು ಬೂದಿ ಉಳಿಯುತ್ತದೆ, ಅದರಲ್ಲಿ 85–95 ಪರ್ಸೆಂಟ್ ಸಿಲಿಕಾ. ಗಂಗಾವತಿ, ಕಾರಟಗಿ, ಸಿಂಧನೂರಿನ ಗಿರಣಿಗಳ ಹಿಂದೆ ಅಂಥ ಬೂದಿ ಗುಡ್ಡ ಬಿದ್ದಿರುತ್ತದೆ. ಆದರೆ ಉರಿ ಸುಮಾರು 700 ಡಿಗ್ರಿಯೊಳಗೆ ಹಿಡಿತದಲ್ಲಿರಬೇಕು. ಬಾಯ್ಲರಿನ ಉರಿ ಅದಕ್ಕಿಂತ ಜೋರಾಗಿ, ಹೆಚ್ಚು ಹೊತ್ತು ಹತ್ತಿದರೆ ಸಿಲಿಕಾ ಸಾಲು ಹಿಡಿದು ಕೂರುತ್ತದೆ, ಚಿಕ್ಕಿ ಕಲ್ಲುಸಕ್ಕರೆಯಾಗುತ್ತದೆ. ಸರಿಯಾಗಿ ಉರಿಯದಿದ್ದರೆ ಇದ್ದಿಲು ಉಳಿದು ನೀರು ಕುಡಿಯುತ್ತದೆ. ಆಮೇಲೆ ನುಣ್ಣಗೆ ಬೀಸಬೇಕು. ಬಿಳಿ ಬೂದಿಯೆಲ್ಲ ಒಳ್ಳೇದು ಅನ್ನುವುದೂ, ಕಪ್ಪಗಿದ್ದ ಸಿಮೆಂಟೇ ಗಟ್ಟಿ ಅನ್ನುವುದೂ ಒಂದೇ ತೂಕದ ಮಾತು. ಬಣ್ಣಕ್ಕೂ ಬಲಕ್ಕೂ ಸಂಬಂಧವಿಲ್ಲ.

ಬೂದಿಯಿಂದ ಲಾಭ ಏನು ಅಂತ ಭಾವ ಕೇಳಿದರು. ಸಿಮೆಂಟ್ ಮಾಡಲು ಸುಣ್ಣದಕಲ್ಲನ್ನು 1,450 ಡಿಗ್ರಿಯವರೆಗೆ ಕಾಯಿಸಬೇಕು. 100 ಕಿಲೋ ಶುದ್ಧ ಸುಣ್ಣದಕಲ್ಲಿನಲ್ಲಿ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ, ಉರುವಲಿನ ಹೊಗೆ ಬೇರೆ. ಬೂದಿಯಾದರೋ ಕರೆಂಟು ಕೊಡುವಾಗಲೇ ಸುಟ್ಟಾಗಿದೆ, ಅದು ಸೇರಿದಷ್ಟೂ ಹೊಸದಾಗಿ ಕಾಯಿಸುವ ಸುಣ್ಣದಕಲ್ಲು ಕಮ್ಮಿ.

ಮೇಸ್ತ್ರಿ ಅಷ್ಟಕ್ಕೆಲ್ಲ ಬಗ್ಗಲಿಲ್ಲ. "ನೀವು ಹೇಳೋದು ಖರೇ ಇರಬಹುದ್ರೀ ಸರ್. ಆದ್ರ ಇದು ಲಗೂನ ಗಟ್ಟಿ ಆಗಲ್ಲ." ಇಲ್ಲಿ ಅವನ ಮಾತೇ ಸರಿ. ಬೂದಿಗೆ ಕೆಲಸ ಶುರುವಾಗಬೇಕಾದರೆ ಮೊದಲು ಸಿಮೆಂಟು ಸುಣ್ಣ ಬಿಡಬೇಕು. ಉಳಿದ ಅನ್ನವಿಲ್ಲದೆ ಚಿತ್ರಾನ್ನ ಎಲ್ಲಿಂದ? ಮೊದಲ ವಾರ ಪಿಪಿಸಿ ಹಿಂದೆ ಬೀಳುತ್ತದೆ, ವಾರಗಳು, ತಿಂಗಳುಗಳು ಕಳೆದ ಹಾಗೆ ಸರಿಗಟ್ಟುತ್ತದೆ. ಅಲ್ಲಿಯವರೆಗೆ ಒಳಗೆ ನೀರು ಇರಲೇಬೇಕು. ಒಣಗಿತೋ, ಬೂದಿ ನಿಜವಾಗಿಯೂ ಬೂದಿಯಾಗೇ ಉಳಿಯುತ್ತದೆ. ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ ನೀರುಣಿಸಿ ಅನ್ನುವ ನಿಯಮ, ಬೂದಿ ಸೇರಿದರೆ 10 ದಿನ ಅನ್ನುತ್ತದೆ. ಒಣ ಸೆಕೆಯ ಊರಲ್ಲಿ 14 ದಿನ. ರಾಯಚೂರಿಗಿಂತ ಒಣ ಸೆಕೆಯ ಊರು ಬೇಕಾ?

ಬೇಸಿಗೆಯಲ್ಲಿ ಆರನೇ ದಿನಕ್ಕೆ ನೀರು ನಿಲ್ಲಿಸಿ, ಬಿರುಕು ಬಿಟ್ಟ ಮೇಲೆ ಬೂದಿಯನ್ನು ಬೈದ ಮನೆಗಳು ಎಷ್ಟಿವೆಯೋ!

ಕೊನೆಗೆ ಚೀಲ ವಾಪಸ್ ಹೋಗಲಿಲ್ಲ. ಸ್ಲ್ಯಾಬಿನ ಮೇಲೆ ಗಾರೆಯ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರು, ಬದಿಗೆ ಗೋಣಿಚೀಲ ಹೊದಿಸಿದರು. ಎಂಟನೇ ದಿನ ನಲ್ಲಿ ಬರಲಿಲ್ಲ. ಭಾವ ಟ್ಯಾಂಕರ್ ತರಿಸಿದರು, ದುಡ್ಡು ಕೊಡುವಾಗ ನನ್ನ ಮುಖ ಒಮ್ಮೆ ನೋಡಿದರು. 14ನೇ ದಿನ ಸಂಜೆ ಪೈಪ್ ಸುತ್ತಿಟ್ಟು ಮೇಸ್ತ್ರಿ ಸೆಂಟ್ರಿಂಗ್ ಕಂಬವನ್ನು ಒಮ್ಮೆ ಬಡಿದ. "ಇನ್ನೊಂದೆರಡು ದಿನ ಇರ್ಲಿ ಬಿಡ್ರೀ" ಅಂದ.