ತಾರಸಿ ಸೋರಿದರೆ ಮೊದಲು ಮೇಲೆ ನೀರು ಕಟ್ಟಿ ನೋಡಿ, ಆಮೇಲೆ ಕೆಮಿಕಲ್ ಬಳಿಸಿ

ಜೂನ್ ಬಂತೆಂದರೆ ನನ್ನ ಫೋನಿಗೆ ಬರುವ ಫೋಟೊಗಳೆಲ್ಲ ಒಂದೇ ಥರ. ಕಟ್ಟಿಸಿ ವರ್ಷವೂ ಆಗದ ಮನೆ, ಬಿಳಿ ಸೀಲಿಂಗ್, ನಡುವೆ ಹಳದಿ ಕಲೆ. ಕೆಳಗೆ ಒಂದು ಸಾಲು: "ಸರ್, ಯಾವ ಕೆಮಿಕಲ್ ಹೊಡೆಸಲಿ?" ನೀರು ಎಲ್ಲಿಂದ ಬರುತ್ತಿದೆ ಅಂತ ಒಬ್ಬರೂ ಕೇಳುವುದಿಲ್ಲ. ಮನೆ ಕಟ್ಟಿಸುವವರ ಬೇರೆ ಯಾವ ಪ್ರಶ್ನೆಗೂ ನನಗೆ ಬೇಸರವಿಲ್ಲ. ಇದೊಂದಕ್ಕೆ ಮಾತ್ರ ತಾಳ್ಮೆ ತಪ್ಪುತ್ತದೆ.

ಹನಿ ಬೀಳುವ ಜಾಗ ಬೇರೆ, ನೀರು ಒಳಗೆ ಇಳಿಯುವ ಜಾಗ ಬೇರೆ. ಎಷ್ಟು ಸಲ ಹೇಳಿದರೂ ಜನರ ಮನಸ್ಸಿಗೆ ಇಳಿಯದ ಮಾತು ಇದು. ಮೌಲ್ಡ್ (ತಾರಸಿ ಸ್ಲ್ಯಾಬಿನ ಕಾಂಕ್ರೀಟ್) ಹಾಕುವ ಮೊದಲೇ ಕಂಬಿಗಳ ನಡುವೆ ವೈರಿಂಗ್ ಪೈಪ್ ಎಳೆದಿರುತ್ತಾರೆ, ಅಲ್ವಾ? ಬಿರುಕಿನಲ್ಲಿ ಇಳಿದ ನೀರು ಆ ಪೈಪಿನ ಜಾಯಿಂಟಿಗೆ ಸಿಕ್ಕಿದರೆ ಅದರೊಳಗೇ ಹರಿಯುತ್ತದೆ. ಒಂದು ರೂಮು ದಾಟಿ ಇನ್ನೊಂದು ರೂಮಿನ ಫ್ಯಾನ್ ಬಾಕ್ಸಿನಲ್ಲಿ ತೊಟ್ಟಿಕ್ಕುತ್ತದೆ. ನೀವು ಫ್ಯಾನಿನ ನೇರ ಮೇಲೆ ತಾರಸಿಗೆ ಬಳಿಸುತ್ತೀರಿ. ಮುಂದಿನ ಮಳೆಗೆ ಮತ್ತೆ ಸೋರುತ್ತದೆ. (ಫ್ಯಾನ್, ಲೈಟ್ ಪಾಯಿಂಟಿನಲ್ಲಿ ನೀರು ಕಂಡರೆ ಆ ಲೈನಿನ ಎಂಸಿಬಿ, ಅಂದರೆ ಮೇನ್ ಬೋರ್ಡಿನ ಸ್ವಿಚ್, ಇಳಿಸಿ. ಎಲೆಕ್ಟ್ರಿಷಿಯನ್ ನೋಡುವ ತನಕ ಹಾಕಲೇಬೇಡಿ.)

ತುಮಕೂರಿನಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಪಿಂಚಣಿ ದುಡ್ಡಿನಲ್ಲಿ ಕಟ್ಟಿಸಿದ ಮನೆ. "ಮೂರು ವರ್ಷದಲ್ಲಿ ಮೂರು ಸಲ ಬಳಿಸಿದೆ ಕಣ್ರೀ, ಮೂರು ಮಳೆಗಾಲವೂ ಸೋರಿತು" ಅಂದರು. ಹೋಗಿ ನೋಡಿದೆ. ಮಳೆನೀರು ಇಳಿಯುವ ಪೈಪಿನ ಬಾಯಿಯ ಸುತ್ತ ಸಣ್ಣ ಗಾರೆ ಕಟ್ಟೆ ಕಟ್ಟಿಸಿ, ಅಷ್ಟು ಜಾಗ ಒಣಗಿಸಿಟ್ಟು, ಉಳಿದ ತಾರಸಿಯ ಮೇಲೆ ನೀರು ಕಟ್ಟಿ ನಿಲ್ಲಿಸಿದೆವು. ಎರಡು ದಿನ ಏನೂ ಇಲ್ಲ. ಮೂರನೇ ದಿನ ಕಟ್ಟೆ ಒಡೆದು ಪೈಪಿನ ಕಡೆಗೆ ನೀರು ಬಿಟ್ಟೆವು. ಮೇಷ್ಟ್ರ ಮನೆಯವರು ಕಾಫಿ ತರುವಷ್ಟರಲ್ಲಿ ಫ್ಯಾನ್ ಬಾಕ್ಸಿನಿಂದ ಮೊದಲ ಹನಿ ಬಿತ್ತು. ಪೈಪಿನ ಸುತ್ತ ಕೆತ್ತಿಸಿದಾಗ ಗಾರೆಯ ಕೆಳಗೆ ಸಿಕ್ಕಿದ್ದು ಮಡಚಿ ತುರುಕಿದ್ದ ಸಿಮೆಂಟ್ ಚೀಲ. ಮೌಲ್ಡ್ ದಿನ ಪೈಪ್ ಇಡಲು ಮರೆತಿದ್ದಾರೆ. ಆಮೇಲೆ ಸ್ಲ್ಯಾಬ್ ಒಡೆದು ಪೈಪ್ ತೂರಿಸಿ, ಸಂದಿಗೆ ಚೀಲ ತುಂಬಿ, ಮೇಲೆ ಗಾರೆ ಸವರಿದ್ದಾರೆ.

ತಪ್ಪು ಯಾರದ್ದು ಅಂತ ಕಣ್ಣಿಗೇ ಕಾಣುತ್ತಿತ್ತು. ಕಂಟ್ರಾಕ್ಟರಿಗೆ ಫೋನ್ ಮಾಡಿದರೆ ಆತ ಹೇಳಿದ್ದು ಇಷ್ಟು: "ನನ್ನ ಕೆಲಸದ ಮೇಲೆ ಮೂರು ಜನ ಕೈ ಹಾಕಿದ್ದಾರೆ ಸಾರ್. ಒಡೆದವರು ಯಾರೋ ನನಗೇನು ಗೊತ್ತು?" ಮೇಷ್ಟ್ರ ಹತ್ತಿರ ಒಂದು ಫೋಟೊ ಇರಲಿಲ್ಲ, ಒಂದು ಪತ್ರ ಇರಲಿಲ್ಲ. ನನಗೆ ಆ ದಿನ ತುಂಬ ಸಂಕಟವಾಯಿತು. ಬಳಿಸಿದ್ದಕ್ಕೆ ಹೋದ ದುಡ್ಡಿಗಿಂತ, ಕೇಳುವ ದಾರಿಯೇ ಕಷ್ಟವಾಯಿತಲ್ಲ ಅಂತ.

ಹಾಗಾಗಿ ಹೇಳುತ್ತೇನೆ. ಸೋರಿದ ತಕ್ಷಣ ಬೇರೆಯವರ ಕೈಲಿ ಮುಚ್ಚಿಸಬೇಡಿ. ಮೊದಲು ಮೇಲೆ, ಕೆಳಗೆ ಎರಡೂ ಕಡೆ ಫೋಟೊ, ವಿಡಿಯೊ ತೆಗೆಯಿರಿ. ಕಟ್ಟಿದವರಿಗೇ ಬರೆದು ತಿಳಿಸಿ: ಯಾವಾಗ, ಎಲ್ಲಿ ಸೋರಿತು, ಇಷ್ಟು ದಿನದೊಳಗೆ ಬಂದು ನೋಡಿ ಸರಿಮಾಡಿ ಅಂತ. ವಾಟ್ಸಾಪ್ ಸಾಲದು, ಒಂದು ಸ್ಪೀಡ್ ಪೋಸ್ಟ್ ಕೂಡ ಹಾಕಿ. ಬರದಿದ್ದರೆ, ಇಂಥ ದಿನ ಬೇರೆಯವರಿಂದ ಮಾಡಿಸುತ್ತೇನೆ ಅಂತ ಮತ್ತೊಂದು ಪತ್ರ ಬರೆದು ಆಮೇಲೆ ಮಾಡಿಸಿ. ಅಲ್ಲಿಯವರೆಗೆ ತಡೆಯಲಾಗದಿದ್ದರೆ ಟಾರ್ಪಾಲ್ ಹೊದಿಸಿ. ಟಾರ್ಪಾಲ್ ತೆಗೆದರೆ ಬಿರುಕು ಅಲ್ಲೇ ಇರುತ್ತದೆ. ಬಣ್ಣ ಬಳಿದರೆ ಕೂದಲೆಳೆ ಬಿರುಕು ಯಾವ ಎಂಜಿನಿಯರ್ ಕಣ್ಣಿಗೂ ಕಾಣುವುದಿಲ್ಲ.

ನೀರು ನಿಲ್ಲಿಸಿ ಅಂದರೆ "ಭಾರಕ್ಕೆ ಸ್ಲ್ಯಾಬ್ ಕುಸಿದರೆ?" ಅಂತ ಹೆದರುತ್ತಾರೆ. ಲೆಕ್ಕ ನೋಡಿ. ಎರಡು ಇಂಚು ನೀರು ಅಂದರೆ ಚದರ ಮೀಟರಿಗೆ ಸುಮಾರು 50 ಕೆಜಿ. ಜನ ಓಡಾಡುವ ತಾರಸಿಗೆ 150 ಕೆಜಿ ಲೆಕ್ಕ ಹಿಡಿದೇ ಡಿಸೈನ್ ಮಾಡುವುದು. ಒಂದೊಂದೇ ಭಾಗಕ್ಕೆ ನೀರು ನಿಲ್ಲಿಸುತ್ತಾ ಹೋದರೆ ಜಾಗ ತಾನಾಗಿ ಸಿಗುತ್ತದೆ. ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಸೇರುವ ಮೂಲೆ, ಸೋಲಾರ್ ಸ್ಟ್ಯಾಂಡಿನ ಬೋಲ್ಟ್, ಪೈಪಿನ ಬಾಯಿ, ಇವನ್ನು ಮೊದಲು ನೋಡಿ. ಮಳೆಯಿಲ್ಲದ ತಿಂಗಳಲ್ಲೂ ತೇವವಿದ್ದರೆ ಟ್ಯಾಂಕ್ ಮತ್ತು ನಲ್ಲಿ ಪೈಪನ್ನು ಅನುಮಾನಿಸಿ. ಆದರೆ ಸ್ಲ್ಯಾಬ್ ಬಾಗಿದ್ದರೆ, ಕಂಬಿ ತುಕ್ಕು ಹಿಡಿದು ಹೊರಗೆ ಕಾಣುತ್ತಿದ್ದರೆ, ಅಥವಾ ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಹಳೇ ಕಾಲದ ಮದ್ರಾಸ್ ತಾರಸಿಯಾಗಿದ್ದರೆ ನೀರು ನಿಲ್ಲಿಸಬೇಡಿ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲಿ. ಫೋಟೊ ನೋಡಿ ಹೇಳಿ ಅಂದರೆ ನಾನು ಹೇಳುವುದಿಲ್ಲ.

ನಾನು ವಕೀಲನಲ್ಲ, ಕಾನೂನಿನ ಬಗ್ಗೆ ತಿಳಿದಷ್ಟು ಹೇಳುತ್ತೇನೆ. ರೇರಾ ಕಾಯ್ದೆಗೆ (ಬಿಲ್ಡರ್‌ಗಳ ಪ್ರಾಜೆಕ್ಟಿಗೆ ಇರುವ ರಿಯಲ್ ಎಸ್ಟೇಟ್ ಕಾನೂನು) ಒಳಪಟ್ಟ ಪ್ರಾಜೆಕ್ಟಿನಲ್ಲಿ ಬಿಲ್ಡರ್‌ನಿಂದ ಫ್ಲ್ಯಾಟ್ ಅಥವಾ ಮನೆ ಕೊಂಡಿದ್ದರೆ, ಸ್ವಾಧೀನಕ್ಕೆ ಕೊಟ್ಟ ದಿನದಿಂದ 5 ವರ್ಷದೊಳಗೆ ನೀವು ತಿಳಿಸಿದ ಕಟ್ಟಡದ ದೋಷವನ್ನು 30 ದಿನದಲ್ಲಿ ಅವರು ನಿಮಗೆ ಖರ್ಚಿಲ್ಲದೆ ಸರಿಮಾಡಿಕೊಡಬೇಕು. ನಿಮ್ಮದೇ ಸೈಟಿನಲ್ಲಿ ಕಂಟ್ರಾಕ್ಟರ್ ಕೈಲಿ ಕಟ್ಟಿಸಿದ್ದರೆ ಇದು ಅನ್ವಯಿಸುವುದಿಲ್ಲ. ಆಗ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ, ಜಿಲ್ಲಾ ಗ್ರಾಹಕರ ಆಯೋಗ ಇದೆ. ಅಲ್ಲಿಗೆ ಸಾಮಾನ್ಯವಾಗಿ 2 ವರ್ಷದೊಳಗೆ ಹೋಗಬೇಕು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ವಿಚಾರಿಸಬಹುದು. ಸಾಮಾನು ನಿಮ್ಮದು, ಕೂಲಿ ಮಾತ್ರ ಗುತ್ತಿಗೆ ಅಂತಿದ್ದರೆ "ನಿಮ್ಮ ಸಿಮೆಂಟೇ ಸರಿಯಿರಲಿಲ್ಲ" ಅನ್ನುವ ವಾದ ಬಂದೇ ಬರುತ್ತದೆ. ಬಿಲ್, ರಸೀದಿ ಜೋಪಾನ.

ಮೇಸ್ತ್ರಿಗಳನ್ನು ಸುಮ್ನೆ ಬೈಯಲು ನನಗೆ ಮನಸ್ಸಿಲ್ಲ. ಮೌಲ್ಡ್ ದಿನ ಬೆಳಗಿನ ಪೂಜೆಯಿಂದ ರಾತ್ರಿ ಊಟದವರೆಗೆ ಬಿಸಿಲಲ್ಲಿ ನಿಂತು ದುಡಿಯುವವರು ಅವರು. ಆದರೆ ಸಂಜೆಯಾಗುತ್ತಿದ್ದಂತೆ ಬೇಗ ಮುಗಿಯಲಿ ಅಂತ ಮಿಕ್ಸರಿಗೆ ನೀರು ಜಾಸ್ತಿ ಬೀಳುತ್ತದೆ. ಸ್ಲ್ಯಾಬ್ ಅಲ್ಲೇ ದುರ್ಬಲವಾಗುತ್ತದೆ. ಆ ಹೊತ್ತಿಗೆ ಮನೆ ಯಜಮಾನರು ಊಟದ ವ್ಯವಸ್ಥೆಯಲ್ಲಿರುತ್ತಾರೆ. ದಯವಿಟ್ಟು ಕೊನೆಯ ಎರಡು ಗಂಟೆ ಮಿಕ್ಸರ್ ಪಕ್ಕದಲ್ಲೇ ಇರಿ. ಹದಿನಾಲ್ಕು ದಿನ ನೀರು ಕಟ್ಟಿ ಕ್ಯೂರಿಂಗ್ ಮಾಡಿಸಿ. ದಿನಾ ಒಮ್ಮೆ ಸೆಂಟ್ರಿಂಗ್ (ಕಾಂಕ್ರೀಟಿಗೆ ಆಧಾರ ಕೊಟ್ಟ ಹಲಗೆ) ಕೆಳಗೆ ಹೋಗಿ, ಎಲ್ಲಾದರೂ ತೊಟ್ಟಿಕ್ಕುತ್ತಿದೆಯೇ ನೋಡಿ. ಕೊನೆಯ ಕಂತಿನಲ್ಲಿ ಸ್ವಲ್ಪ ಹಣ ಒಂದು ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳುವುದಾಗಿ ಅಗ್ರಿಮೆಂಟಿನಲ್ಲೇ ಬರೆಸಿ. "ಪಾಪ, ನಮ್ಮೂರಿನವನು, ಹೇಗೆ ಕೇಳೋದು" ಅನ್ನುತ್ತಾರೆ. ಮೊದಲೇ ಬರೆದಿದ್ದರೆ ಯಾರಿಗೂ ಮುಜುಗರವಿಲ್ಲ.

ಮೇಷ್ಟ್ರ ಮನೆಯಲ್ಲಿ ಚೀಲ ಕಿತ್ತು, ಸಂದಿಗೆ ಒಣಗಿದರೂ ಕುಗ್ಗದ ಗ್ರೌಟ್ (ಸಂದಿ ತುಂಬುವ ಸಿಮೆಂಟ್ ಮಿಶ್ರಣ) ತುಂಬಿಸಿ, ಮತ್ತೆ ನೀರು ನಿಲ್ಲಿಸಿದೆವು. ವೈರಿಂಗ್ ಪೈಪಿನಲ್ಲಿ ಉಳಿದಿದ್ದ ನೀರು ಎರಡು ದಿನ ಒಂದೊಂದೇ ತೊಟ್ಟು ಬಿತ್ತು. ಮೇಷ್ಟ್ರು ಗಾಬರಿಯಾದರು. ಸೀಲಿಂಗಿನ ಕಲೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ ಅಂದೆ. ಹದಿನೈದು ದಿನ ಬಿಟ್ಟು ಫೋಟೊ ಕಳಿಸಿದರು. ಕಲೆ ಗೆರೆ ದಾಟಿರಲಿಲ್ಲ.